ಎಡಗಡೆಯ ಭಾರ

ರಜದ ದಿನ ಬೆಳಿಗ್ಗೆ ಕಟ್ಟೆಮಳಲವಾಡಿಯ ನಮ್ಮ ಭಾವನ ಮನೆಯ ಮುಂದೆ ಇರುತ್ತಿದ್ದವರು ಇಷ್ಟು ಜನ: ಭಾವ ಬೋರೇಗೌಡರು, ಅವರ ತಾಯಿ ಕೆಂಪಮ್ಮನವರು, ನನ್ನ ಅಕ್ಕ, ನಾನು, ಆಮೇಲೆ ಕಾರು. ಕಾರನ್ನು ಜನರ ಲೆಕ್ಕಕ್ಕೆ ಸೇರಿಸಿದ್ದು ಕೈತಪ್ಪಿ ಅಲ್ಲ. ಆ ಮನೆಯಲ್ಲಿ ಅದಕ್ಕೆ ನನಗಿಂತ ಹೆಚ್ಚು ಮರ್ಯಾದೆಯಿತ್ತು. ನಾನು ಹುಣಸೂರಿನ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು. ರಜ ಬಂದರೆ ಅಕ್ಕನ ಕೈಯಡುಗೆ ನೆನೆಸಿಕೊಂಡು ಅಲ್ಲಿಗೆ ಹೊರಡುವವನು. ನಾನು ಜಗಲಿ ಹತ್ತಿದರೆ ಕೂತವರು ಕೂತ ಹಾಗೇ ‘ಯಾವಾಗ ಬಂದ್ರಿ’ ಅನ್ನುತ್ತಿದ್ದರು. ಕಾರು ಕೊಟ್ಟಿಗೆಯಿಂದ ಈಚೆಗೆ ಬಂದರೆ ಬೀದಿಗೆ ಬೀದಿಯೇ ಎದ್ದು ನಿಲ್ಲುತ್ತಿತ್ತು. ಇದರಿಂದ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ನಾನೂ ಎದ್ದು ನಿಲ್ಲುತ್ತಿದ್ದೆ.

ಅದು ಕೆಂಪು ಬಣ್ಣದ, ಇಬ್ಬರೇ ಕೂರುವಂಥ, ಮೇಲೆ ಸೂರಿಲ್ಲದ ಸಣ್ಣ ಕಾರು. ನೆಲಕ್ಕೆ ಎಷ್ಟು ಹತ್ತಿರವಾಗಿತ್ತೆಂದರೆ ಅದರೊಳಗೆ ಕೂತವನು ಕೈಚಾಚಿ ದಾರಿಯ ಮೇಲಿನ ಸಗಣಿ ಎತ್ತಬಹುದಾಗಿತ್ತು. ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ವಾಪಸ್ಸು ಹೊರಟಾಗ ಅವನಿಂದ ಭಾವ ಕೊಂಡದ್ದು. ಮುಂದೆ ಉದ್ದನೆಯ ಮೂತಿ, ಅದಕ್ಕೆ ಬಿಗಿದ ಚರ್ಮದ ಪಟ್ಟಿ, ಕುದುರೆಗೆ ಜೀನು ಬಿಗಿದ ಹಾಗೆ. ಚಾಲೂ ಮಾಡಿದರೆ ಮೊದಲು ಕೆಮ್ಮು, ಆಮೇಲೆ ಒಂದು ಗರ್ಜನೆ. ಆ ಗರ್ಜನೆ ಕೇಳಿದಾಗಲೆಲ್ಲ ನನ್ನ ಎದೆಯಲ್ಲಿ ಏನೋ ಒಂದು ಎದ್ದು ಕೂರುತ್ತಿತ್ತು. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ನಗಾರಿ ಬಡಿದಾಗ ಆಗುತ್ತದಲ್ಲ, ಅಂಥದ್ದು.

ಇಷ್ಟೆಲ್ಲ ಇದ್ದ ಕಾರಿಗೆ ಒಂದೇ ಒಂದು ಕೆಟ್ಟ ಚಾಳಿ. ನೆಟ್ಟನೆಯ ದಾರಿಯಲ್ಲಿ ಬಾಣ. ತಿರುವು ಬಂದರೆ ಹಿಂಭಾಗ ತನ್ನ ಪಾಡಿಗೆ ತಾನು ಬೇರೆ ಊರಿಗೆ ಹೊರಡುತ್ತಿತ್ತು. ಹಾಗೆ ಹೊರಟು ಒಮ್ಮೆ ಊರ ಹತ್ತಿರದ ತಿರುವಿನಲ್ಲಿ ಯಾರದೋ ರಾಗಿ ಹೊಲಕ್ಕೆ ಹೋಗಿ ಮಗುಚಿಕೊಂಡಿತು. ಭಾವ ಬಾಯಿತುಂಬ ಮಣ್ಣು ಕಚ್ಚಿಕೊಂಡು ಎದ್ದು ಬಂದರು. ಕೆಂಪಮ್ಮನವರಿಗೆ ಅವರು ಒಬ್ಬನೇ ಮಗ. ಆ ದಿನ ಆಕೆ ಮಗನ ತಲೆಗೆ ಅರಿಸಿನ ಮೆತ್ತಿದರು.

ಸಂಜೆ ಕೇಳಿದರು: “ಇದ್ನ ಯಾವತ್ತು ಮಾರ್ತೀಯೆ?”

“ಅವ್ವ, ಕಾರಿಂದೇನೂ ತಪ್ಪಿಲ್ಲ ಕಣವ್ವ. ಚಕ್ರದ ಮೇಲಿನ ಸ್ಪ್ರಿಂಗ್ ಕಮಾನು ಸಡ್ಲ ಆಗೈತೆ, ಟೈರಿನ ಗಾಳಿ ಸರಿಯಿಲ್ಲ. ಅದ್ನ ಹದಕ್ಕೆ ತಂದ್ರೆ ನೆಲ ಕಚ್ಕೊಂಡು ತಿರುಗ್ತದೆ. ಬೇಸಿಗೆಗೆ ದೊರೆಗೋಳ ಪಂದ್ಯ ಐತೆ. ಬಂದು ನೋಡುವಂತೆ.”

“ನೋಡ್ತೀನಿ. ಇನ್ನೊಂದು ಸತಿ ಮಣ್ಣಿಗೆ ಬಿತ್ತೋ, ಮಾರಾಕ್ಬುಡು. ಎತ್ತಿನ ಗಾಡೀಲೇ ತಿರುಗು ನಿಮ್ಮಪ್ಪನಂಗೆ.”

ಕೊಡಗಿನ ದೊರೆಗಳಿಗೆ ಅವರ ಬೆಟ್ಟಗಳಲ್ಲಿ ಸಮನಾದ ಬಯಲು ಸಿಕ್ಕುತ್ತಿರಲಿಲ್ಲ. ಹಾಗಾಗಿ ಪ್ರತಿ ಬೇಸಿಗೆ ನಮ್ಮ ಕಡೆಗೆ ಇಳಿದು ಬಂದು, ಬತ್ತಿದ ಕೆರೆಯಂಗಳದಲ್ಲಿ ಕಾರು ಓಡಿಸಿ ಸಂತೋಷಪಡುತ್ತಿದ್ದರು. ಅದುವರೆಗೆ ನೆಟ್ಟಗೆ ಈ ದಡದಿಂದ ಆ ದಡಕ್ಕೆ ಓಡಿಸುತ್ತಿದ್ದವರು ಆ ವರ್ಷ ಸುತ್ತು ಹಾಕುವ ಪಂದ್ಯ ಇಟ್ಟಿದ್ದರು. ಹೀಗಾಗಿ ಭಾವನ ಸಾಧನೆ ಶುರುವಾಯಿತು. ಊರಾಚೆ ಗೋಮಾಳದಲ್ಲಿ ಒಂದು ದೊಡ್ಡ ಅರಳಿಕಟ್ಟೆ. ಅದರ ಸುತ್ತ ಕಾರು ಬಿಡುವುದು. ಎಲ್ಲಿ ಜಾರಿತು, ಯಾವ ಚಕ್ರ ಹಗುರಾಯಿತು ಎಂದು ಮಣ್ಣಿನ ಮೇಲಿನ ಗುರುತು ನೋಡುವುದು. ಮನೆಗೆ ಬಂದು ಬಿಚ್ಚುವುದು, ಕಟ್ಟುವುದು.

ನಾನು ನೋಡಿದ ತಪಸ್ಸು ಅದೊಂದೇ. ಭಾವ ಕಾರಿನ ಕೆಳಗೆ ಮಲಗಿ ಎಡಗಡೆಯ ಕಮಾನುಪಟ್ಟಿಗಳಿಗೆ ಸೆಣಬಿನ ಹುರಿಯನ್ನು ಒತ್ತೊತ್ತಾಗಿ ಸುತ್ತುತ್ತಿದ್ದರು. ಹುರಿ ಬಿಗಿದಷ್ಟೂ ಕಮಾನು ಬಿರುಸು. ಬಲಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಎಡಕ್ಕೆ ವಾಲುತ್ತದಂತೆ. ಆಗ ಎಡಗಡೆ ಕಮಾನು ಗಟ್ಟಿಯಾಗಿ ನಿಂತು ತಡೆಯಬೇಕಂತೆ. ಎಡಗಡೆಯ ಟೈರುಗಳಿಗೆ ಗಾಳಿ ಸ್ವಲ್ಪ ಹೆಚ್ಚು, ಬಲಗಡೆಯವಕ್ಕೆ ಸ್ವಲ್ಪ ಕಡಿಮೆ. ಎಷ್ಟು ಎಂದು ಬೆರಳಲ್ಲಿ ಒತ್ತಿ, ಅಂಗೈಯಲ್ಲಿ ತಟ್ಟಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಹಲಸಿನಹಣ್ಣು ಕೇಳಿದ ಹಾಗೆ. ಒಂದು ದಿನ ಹಾಗೆ ತಟ್ಟಿ, “ಇದಕ್ಕೆ ಗಾಳಿ ಜಾಸ್ತಿ ಆಗೈತೆ, ಬಿಡಿಸ್ಬೇಕು” ಎಂದರು. ಬಾಗಿಲಲ್ಲಿ ಕೂತಿದ್ದ ಕೆಂಪಮ್ಮನವರಿಗೆ ಮಾತು ಅಷ್ಟೇ ಕೇಳಿಸಿತು.

“ಯಾರ್ ಕೈಲಿ ಬಿಡಿಸ್ತೀಯೆ? ಹಂಪಾಪುರದಲ್ಲಿ ಒಬ್ಬ ಅವ್ನೆ, ಬೇವಿನ ಸೊಪ್ಪಲ್ಲಿ ನಾಕು ಬಾರಿಸಿದ್ರೆ ಎಂಥಾ ಗಾಳಿನೂ ಬಿಟ್ಟೋಯ್ತದೆ. ಕರೆಸ್ಲಾ?”

“ಬ್ಯಾಡ ಕಣವ್ವ, ನಾನೇ ಬಿಡಿಸ್ತೀನಿ” ಎಂದು ಭಾವ ಟೈರಿನ ಗಾಳಿಬಾಯಿಯ ಮುಳ್ಳು ಒತ್ತಿದರು. ಬುಸ್ಸೆಂದಿತು. ಕೆಂಪಮ್ಮನವರು ತಟ್ಟನೆ ಕಾಲು ಮಡಚಿಕೊಂಡರು.

ನನ್ನ ಪಾತ್ರ ಈ ತಪಸ್ಸಿನಲ್ಲಿ ಏನೂ ಇರಲಿಲ್ಲ. ಒಮ್ಮೆ ಮಾತ್ರ ಆಸೆಪಟ್ಟು ಪಕ್ಕದ ಸೀಟಿನಲ್ಲಿ ಕೂತು ಅರಳಿಕಟ್ಟೆ ಸುತ್ತಿದೆ. ಕಾರು ಎಡಕ್ಕೆ ಕುಸಿದು ನರಳಿತು. ಭಾವ ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. ಅಕ್ಕನ ಮನೆಯ ತುಪ್ಪ ನನ್ನಲ್ಲಿ ಎಲ್ಲೆಲ್ಲಿ ಸೇರಿದೆ ಎಂದು ಅಂದಾಜು ಮಾಡಿದಂತಿತ್ತು.

“ಮೇಷ್ಟ್ರೇ, ಬೇಜಾರ್ ಮಾಡ್ಕಬೇಡಿ. ನಾನು ಇಷ್ಟು ದಿನ ಕಷ್ಟಪಟ್ಟು ಎಡಗಡೆ ಭಾರ ಇಳಿಸಿವ್ನಿ. ನೀವು ಕೂತ್ರೆ ಅಷ್ಟೂ ವಾಪಸ್ ಬತ್ತದೆ.”

ನಾನು ಇಳಿದು ನಡೆದುಕೊಂಡು ಮನೆಗೆ ಬಂದೆ. ಬೇಜಾರು ಮಾಡಿಕೊಳ್ಳಲಿಲ್ಲ, ಎರಡು ಮುದ್ದೆ ಉಂಡೆ.

ಕೊನೆಕೊನೆಗೆ ಆ ಕಾರು ತಿರುಗುವುದನ್ನು ನೀವು ನೋಡಬೇಕಿತ್ತು. ಅರಳಿಕಟ್ಟೆಯ ಸುತ್ತ ದಾರ ಕಟ್ಟಿ ಎಳೆದ ಹಾಗೆ, ಒಂದು ಗೀಟಿನ ಮೇಲೇ ಮತ್ತೆ ಮತ್ತೆ. ಹಿಂಭಾಗ ಜಾರುವುದಿರಲಿ, ಅಲುಗುತ್ತಿರಲಿಲ್ಲ. ಕಬ್ಬಿಣ, ರಬ್ಬರು, ಹುರಿ, ಗಾಳಿ ಇಷ್ಟನ್ನೇ ಸೇರಿಸಿ ಮನುಷ್ಯ ಇಂಥದ್ದೊಂದನ್ನು ಮಾಡಬಹುದೇ ಎಂದು ನೋಡುತ್ತ ನಿಂತೆ. ಪಕ್ಕದಲ್ಲಿ ಅಕ್ಕ ಅರಳಿಮರಕ್ಕೋ ಕಾರಿಗೋ ಕೈಮುಗಿದಳು.

ಪಂದ್ಯದ ದಿನ ಕೆರೆಯಂಗಳದಲ್ಲಿ ನಾಲ್ಕು ಕಾರು ನಿಂತಿದ್ದವು. ಸುಣ್ಣ ಬಳಿದ ಪೀಪಾಯಿಗಳನ್ನು ದೂರ ದೂರ ಇಟ್ಟು ಸುತ್ತಿನ ದಾರಿ ಮಾಡಿದ್ದರು. ಏರಿಯ ಮೇಲೆ ಕೆಂಪಮ್ಮನವರು ಸೆರಗು ತಲೆಗೆ ಹೊದ್ದು ಅಕ್ಕನ ಜೊತೆ ಕೂತಿದ್ದರು. ಟೋಪಿಯ ದೊರೆಯೊಬ್ಬ ಬಂದು ಕೈಯಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು, ಹೀಗೆ ಹೋಗಬೇಕು ಎಂದು ತೋರಿಸಿದ. ಭಾವನ ಮುಖ ಬೂದಿಯಾಯಿತು.

“ಏನಾಯ್ತು ಭಾವ?”

“ಇವ್ರು ಎಡಕ್ಕೆ ಸುತ್ತುತಾವ್ರೆ ಕಣಪ್ಪ.”

ನನಗೂ ಆಗಲೇ ತಲೆಗೆ ಹತ್ತಿದ್ದು. ಅರಳಿಕಟ್ಟೆಯನ್ನು ನಾವು ಪ್ರದಕ್ಷಿಣೆಯಾಗಿ ಸುತ್ತಿದ್ದೆವು. ಇನ್ನೊಂದು ಕಡೆಯಿಂದಲೂ ಸುತ್ತಬಹುದು ಎಂಬುದು ಭಾವನಿಗಾಗಲಿ, ನನಗಾಗಲಿ, ನೋಡಲು ಬರುತ್ತಿದ್ದ ಇಡೀ ಊರಿಗಾಗಲಿ ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ? ಅಪ್ರದಕ್ಷಿಣೆಯಾಗಿ ನಾವು ಸುತ್ತುವುದು ಸ್ಮಶಾನದಲ್ಲಿ. ದೊರೆಗಳಿಗೆ ಆ ಅಂಜಿಕೆಯಿಲ್ಲ. ಬಲಕ್ಕೆ ತಿರುಗಲೆಂದೇ ಪಳಗಿದ ಕಾರು ಈಗ ಎಡಕ್ಕೆ ತಿರುಗಬೇಕು. ಭಾರವೆಲ್ಲ ಬಲಕ್ಕೆ ಬೀಳುತ್ತದೆ. ಬಲಗಡೆ ಕಮಾನು ಮೆತ್ತಗೆ, ಟೈರು ಮೆತ್ತಗೆ, ಸಾಲದ್ದಕ್ಕೆ ಭಾವ ಕೂರುವುದೂ ಬಲಗಡೆಯೇ. ಮೊದಲ ಪೀಪಾಯಿಯಲ್ಲೇ ಮಣ್ಣು.

“ಬುಟ್ಬುಡಿ ಭಾವ, ಹೊಟ್ಟೆನೋವು ಅಂತ ಹೇಳಿಬಿಡೋಣ” ಎಂದೆ.

ಭಾವ ಏರಿಯ ಕಡೆ ನೋಡಿದರು. ಆಮೇಲೆ ಪಂಪು ತೆಗೆದು ನನ್ನ ಕೈಗಿಟ್ಟರು. “ಬಲಗಡೆಗೆ ಹೊಡೀರಿ.” ತಾವು ಎಡಗಡೆ ಬಗ್ಗಿ ಗಾಳಿ ಬಿಟ್ಟರು. ಹುರಿ ಬಿಚ್ಚಿ ಆ ಕಡೆಗೆ ಕಟ್ಟಲು ಹೊತ್ತಿರಲಿಲ್ಲ. ನಾನು ಪಂಪು ಹೊಡೆದು ಏದುಸಿರು ಬಿಡುತ್ತ ಸೊಂಟಕ್ಕೆ ಕೈಕೊಟ್ಟು ನೆಟ್ಟಗೆ ನಿಂತಾಗ ಭಾವ ಮತ್ತೆ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. ಈ ಸಲದ ನೋಟವೇ ಬೇರೆ. ಬಡವ ಹೊನ್ನಿನ ಕೊಪ್ಪರಿಗೆ ನೋಡಿದ ಹಾಗೆ.

“ಮೇಷ್ಟ್ರೇ, ಹತ್ತಿ.”

“ನನ್ನ ಭಾರ ಬೇಡ ಅಂದಿದ್ರಿ.”

“ಅದು ಬಲಕ್ಕೆ ತಿರುಗುವಾಗ. ಈಗ ಎಡಗಡೆ ಎಷ್ಟು ಭಾರ ಇದ್ರೂ ಸಾಲ್ದು. ಪೀಪಾಯಿ ಬಂದಾಗ ಆಚಿಕೆ ಬಗ್ಗಿ, ಅಷ್ಟೆ. ಹೊಟ್ಟೆನೂ ಆಚಿಕೆ ಬುಡಿ, ಒಳಗ್ ಮಡಿಕಬೇಡಿ.”

ಮೊದಲ ಪೀಪಾಯಿ ನಮ್ಮ ಮೇಲೆ ಎರಗಿ ಬಂತು. ನಾನು ಕಚ್ಚೆ ಬಿಗಿದು, ಬಾಗಿಲಿನ ಅಂಚು ಹಿಡಿದು, ದೇವರನ್ನು ನೆನೆದು ಆಚೆಗೆ ಬಾಗಿದೆ. ನನ್ನ ಮೂಗಿನ ಕೆಳಗೆ ಭೂಮಿ ಹರಿಯುತ್ತಿತ್ತು. ಪೇಟ ಹಾರಿತು. ಕಾರು ಬಲಕ್ಕೆ ವಾಲಿತು, ಎಡಚಕ್ರ ನೆಲ ಬಿಡಲು ನೋಡಿತು, ನಾನು ಇನ್ನೂ ಬಾಗಿದೆ, ಚಕ್ರ ಕೂತಿತು. ಅದು ಕೂತದ್ದು ನನ್ನ ಹೊಟ್ಟೆಗೇ ತಿಳಿಯಿತು. ಟೈರು ಮಣ್ಣನ್ನು ಕಚ್ಚುವುದು, ಕಮಾನು ಉಸಿರು ಹಿಡಿದು ಬಿಡುವುದು, ಎಲ್ಲ ನನ್ನ ಮೈಯೊಳಗೇ ನಡೆದ ಹಾಗಿತ್ತು. ಹೆದರಿಕೆ ಎಲ್ಲಿ ಹೋಯಿತೋ ಕಾಣೆ. ಅಷ್ಟು ದೊಡ್ಡದೊಂದು ಶಕ್ತಿ ನನ್ನಂಥವನ ಸೊಂಟದ ಮೇಲೆ ತೂಗುತ್ತಿದೆಯಲ್ಲ ಎಂದು ಕಣ್ಣಲ್ಲಿ ನೀರು ಬಂತು. ಧೂಳಿನಿಂದಲೂ ಇರಬಹುದು.

ಪಂದ್ಯ ಗೆದ್ದದ್ದು ಯಾರೋ ಒಬ್ಬ ದೊರೆ. ನಾವು ಮೂರನೆಯವರು. ಕೆಂಪಮ್ಮನವರಿಗೆ ಅದು ಬೇಕಿರಲಿಲ್ಲ. ಏರಿ ಇಳಿದು ಬಂದು ಕಾರಿನ ಸುತ್ತ ಒಂದು ಸಲ ನಡೆದು, ಮಗನ ತಲೆ ಮುಟ್ಟಿ ನೋಡಿದರು.

“ಬೀಳ್ನಿಲ್ಲ” ಎಂದರು. “ಕಾರ್ ಮಡಿಕೊ.” ಆಮೇಲೆ ನನ್ನ ಕಡೆ ತಿರುಗಿ, “ಮೇಷ್ಟ್ರಿಗೆ ಮಜ್ಜಿಗೆ ಕೊಡೇ” ಎಂದು ಅಕ್ಕನಿಗೆ ಹೇಳಿದರು.

ಮುಂದಿನ ತಿಂಗಳು ಕೆಂಪಮ್ಮನವರಿಗೆ ಕಣ್ಣು ತೋರಿಸಲು ಮೈಸೂರಿಗೆ ಹೋಗಬೇಕಾಯಿತು. ಕಾರಿನಲ್ಲೇ ಬರುತ್ತೇನೆ ಎಂದರಂತೆ. ಸುದ್ದಿ ಕೇಳಿ ನಾನೂ ಹೊಸ ಪೇಟ ಸುತ್ತಿಕೊಂಡು, ತಿರುವುಗಳಿಗೆ ಸಿದ್ಧವಾಗಿ ಹುಣಸೂರಿನ ರಸ್ತೆಯಲ್ಲಿ ಕಾದು ನಿಂತೆ. ಕಾರು ಬಂದು ನಿಂತಿತು. ಎಡಗಡೆಯ ಸೀಟಿನಲ್ಲಿ ಕೆಂಪಮ್ಮನವರು ಮಡಿಲಲ್ಲಿ ಬುತ್ತಿಗಂಟು ಇಟ್ಟುಕೊಂಡು ಗಂಭೀರವಾಗಿ ಕೂತಿದ್ದರು. ನನ್ನನ್ನು ನೋಡಿ, “ನೀವು ಬಸ್ನಲ್ಲಿ ಬನ್ನಿ ಮೇಷ್ಟ್ರೇ. ಮೈಸೂರ್ ದಾರಿ ನೆಟ್ಟಗೈತಂತೆ” ಎಂದರು.

ನಾನು ಬಸ್ಸಿನಲ್ಲಿ ಹೋದೆ.