ಕಾಣೆಯಾದ ನೂರೆಂಟು ಕುಲುಕುಗಳು

ಬಸ್ತಿಹಳ್ಳಿ, ಹಳೇಬೀಡು
೧೬-೨-೧೯೮೫, ಶನಿವಾರ

ಸ್ವಸ್ತಿ. ಸಕಲ ಲೋಹವಿದ್ಯಾಪಾರಂಗತರೂ, ತುಕ್ಕೆಂಬ ಮದಗಜಕ್ಕೆ ಸಿಂಹಪ್ರಾಯರೂ, ಅಹರ್ನಿಶಿ ತೈಲಾಭಿಷಿಕ್ತಹಸ್ತರೂ ಆದ ಅರಸೀಕೆರೆಯ ಮೋಟಾರು ರಿಪೇರಿಯ ಶ್ರೀಮಾನ್ ರೇವಣಸಿದ್ದಪ್ಪನವರಿಗೆ, ಹತ್ತು ಮಂದಿ ಓದಿ ನ್ಯಾಯ ಹೇಳಲೆಂದು ಬಹಿರಂಗವಾಗಿ ಮಾಡಿಕೊಂಡ ಬಿನ್ನಹ.

ಮಾನ್ಯರೇ,

ಇತ್ತ ನಮ್ಮ ಮನೆಯಲ್ಲಿ ಕಾರು ಸಹಿತ ಎಲ್ಲರೂ ಕ್ಷೇಮ. ಕಾರಿನ ಕ್ಷೇಮವೇ ಈ ಪತ್ರಕ್ಕೆ ಕಾರಣ.

ನಮ್ಮ ತಂದೆಯವರು ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡ ೧೯೩೭ನೆಯ ಇಸವಿಯ ವಿಲಾಯಿತಿ ಕಾರನ್ನು, ನನ್ನ ಮಗ ಜೀವಂಧರನ ಮಾತಿನಂತೆ ತಾವು ಒಂದು ತಿಂಗಳು ಇರಿಸಿಕೊಂಡು, ಅದರ ಗಡುಸಾದ ಹಳೆಯ ಸ್ಪ್ರಿಂಗುಗಳಾದ ಕಮಾನು ಪಟ್ಟಿಗಳನ್ನು ಕಳಚಿ, ಸುರುಳಿ ಸ್ಪ್ರಿಂಗು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು, ಹೊಸ ಆ್ಯಕ್ಸಲು, ಹೊಸ ಗಾಲಿಗಳನ್ನು ಜೋಡಿಸಿ ಹಿಂದಿರುಗಿಸಿದಿರಿ. ನಿಂತು ನೋಡಿದರೆ ನಮ್ಮ ತಂದೆಯವರ ಕಾರು. ಬಗ್ಗಿ ನೋಡಿದರೆ ಯಾರೋ ಅಪರಿಚಿತರು. ಜೀವವು ಒಂದು ದೇಹವನ್ನು ತೊರೆದು ಇನ್ನೊಂದನ್ನು ಸೇರುವ ಕ್ರಮವನ್ನು ನಮ್ಮ ಆಗಮಗಳು ವಿಸ್ತಾರವಾಗಿ ಹೇಳಿವೆಯಾದರೂ, ದೇಹವು ಅಲ್ಲೇ ಇದ್ದು ಕಾಲುಗಳು ಮಾತ್ರ ಪುನರ್ಜನ್ಮ ತಾಳುವ ಚಮತ್ಕಾರ ತಮ್ಮ ಗ್ಯಾರೇಜಿನಲ್ಲಷ್ಟೇ ಸಿದ್ಧಿಸಿದೆ.

ಮೂವತ್ತೊಂದು ವರ್ಷಗಳಿಂದ ನಾನು ಪ್ರತಿ ಭಾನುವಾರ ಅರಸೀಕೆರೆಯ ಸಹಸ್ರಕೂಟ ಬಸದಿಗೆ ಹೋಗುತ್ತಿರುವುದನ್ನೂ, ದಾರಿಯಲ್ಲಿ ನೂರೆಂಟು ಸಲ ಪಂಚನಮಸ್ಕಾರ ಮುಗಿಯದೆ ಆ ಹೊಸ್ತಿಲು ದಾಟೆನೆಂಬ ನನ್ನ ನೇಮವನ್ನೂ ತಾವು ಬಲ್ಲಿರಿ. ತಾವು ಅರಿಯದ್ದು ಇಷ್ಟೇ: ಬಾಗಿಲ ಹಿಡಿಯನ್ನು ಎರಡೂ ಕೈಗಳಿಂದ ಹಿಡಿಯದಿದ್ದರೆ ರಸ್ತೆಗೆ ಬೀಳುವ ಸಂಭವವಿದ್ದುದರಿಂದ ನನಗೆ ಜಪಸರ ಹಿಡಿಯಲು ಕೈ ಉಳಿದಿರಲಿಲ್ಲ, ಆದಕಾರಣ ಆ ರಸ್ತೆಯೇ ನನ್ನ ಜಪಸರ, ಅದರ ಗುಂಡಿಗಳೇ ಮಣಿಗಳು. ಬಸ್ತಿಹಳ್ಳಿಯ ತಿರುವಿನದು ಮೊದಲನೆಯ ಕುಲುಕು, ಬಾಣಾವರದ ರೈಲ್ವೆ ಗೇಟು ಎಪ್ಪತ್ತೆರಡನೆಯದು, ಅರಸೀಕೆರೆಯ ಕೆರೆ ಏರಿ ನೂರೆಂಟನೆಯದು. ಈಗಲೋ, ತಮ್ಮ ಕೃಪೆಯಿಂದ ಕಾರು ತೊಟ್ಟಿಲಾಗಿ, ಹಿಂದಿನ ಸೀಟಿನಲ್ಲಿ ಜಪಸರ ಹಿಡಿದು ಕುಳಿತರೂ ಹದಿನೇಳನೆಯ ಮಣಿಗೆ ನಾನು ಗೊರಕೆ ಹೊಡೆಯುತ್ತಿರುತ್ತೇನೆ. ನಾಲ್ಕು ಭಾನುವಾರಗಳಿಂದ ನನಗೆ ದರ್ಶನವಿಲ್ಲ. ಬೆನ್ನುನೋವಿನಿಂದ ಹನ್ನೊಂದು ವರ್ಷ ಕಾರು ಹತ್ತದಿದ್ದ ನನ್ನ ಪತ್ನಿ ಕಾಂಚನಮಾಲಾ ಈಗ ಸುಖವಾಗಿ ಬಂದಿಳಿದು ಒಳಗೆ ನಮಸ್ಕರಿಸುತ್ತಾಳೆ. ಎಪ್ಪತ್ತರ ಹೊಸ್ತಿಲಲ್ಲಿರುವ ನಾನು ಹೊರಗೆ ಅವಳ ಚಪ್ಪಲಿ ಕಾಯುತ್ತೇನೆ.

ಇಷ್ಟಕ್ಕೇ ಮುಗಿಯಲಿಲ್ಲ. ರಸ್ತೆ ಹಠಾತ್ತನೆ ಕನ್ನಡಿಯಂತಾದುದನ್ನು ಕಂಡು ಹಿಗ್ಗಿದ ನಾನು, ಊರ ಸಭೆಯಲ್ಲಿ ಎದ್ದುನಿಂತು, ಇಷ್ಟು ಬೇಗ ರಸ್ತೆ ದುರಸ್ತಿ ಮಾಡಿಸಿದ ಪುಣ್ಯಾತ್ಮರಿಗೆ ವಂದನೆಗಳನ್ನು ಅರ್ಪಿಸಿದೆ. ತೆಂಗಿನಕಾಯಿ ಗಾಡಿ ಹೊಡೆಯುವ ಕೆಂಚಪ್ಪ ಹಿಂದಿನಿಂದ, “ಯಜಮಾನ್ರೇ, ರಿಪೇರಿ ಆಗಿರೋದು ನಿಮ್ ಕಾರು, ರಸ್ತೆ ಅಲ್ಲ. ನಂಬಿಕೆ ಇಲ್ದಿದ್ರೆ ನನ್ ಎತ್ತುಗಳ್ನ ಕೇಳಿ” ಎಂದ. ಮೆತ್ತಗೆ ಕುಳಿತವನಿಗೆ ಲೋಕವೆಲ್ಲ ಸಮತಟ್ಟಾಗಿ ಕಾಣುವುದೆಂಬ ತತ್ತ್ವ ಅಂದು ನನಗೆ ಹೊಳೆಯಿತು. ಮೇಲಿನ ಅಧಿಕಾರಿಗಳು ನಮ್ಮ ಕಡೆ ಬರುವ ಜೀಪುಗಳಿಗೂ ಇಂಥದೇ ಸ್ಪ್ರಿಂಗುಗಳಿರಬೇಕು.

ಈ ದೂರನ್ನು ತಮ್ಮೆದುರಿಗೆ ನಿವೇದಿಸಿದಾಗ ತಾವು, “ಕಾರ್ ಕುಲುಕ್ತೈತೆ ಅಂತ ಬರೋರ್ನ ನೋಡಿವ್ನಿ, ಕುಲುಕಲ್ಲ ಅಂತ ಬಂದೋರು ನೀವೇ ಮೊದಲ್ನೇರು ಕಣ್ರೀ” ಎಂದು ನಕ್ಕಿರಿ. ಆ ನಗುವನ್ನು ಆಶೀರ್ವಾದವೆಂದೇ ಭಾವಿಸಿ ಕೋರುವುದೇನೆಂದರೆ: ತಮ್ಮ ಮೂಲೆಯಲ್ಲಿ ಬಿದ್ದಿರುವ ನಮ್ಮ ಕಮಾನು ಪಟ್ಟಿಗಳನ್ನು ಕಾರಿನ ಎಡಭಾಗಕ್ಕೆ ಮಾತ್ರ ಮರಳಿ ಜೋಡಿಸಿ, ಬಲಭಾಗದಲ್ಲಿ ನನ್ನ ಪತ್ನಿಯ ಬೆನ್ನಿನ ನಿಮಿತ್ತ ಹೊಸತನ್ನೇ ಉಳಿಸಿ, ಅರ್ಧ ಕಾರು ಕುಲುಕುವಂತೆಯೂ ಅರ್ಧ ಕಾರು ತೇಲುವಂತೆಯೂ ಮಾಡಿಕೊಡಬೇಕು. ಅದು ಅಸಾಧ್ಯವಾದಲ್ಲಿ, ತಾವೇ ಭಾನುವಾರಗಳಂದು ಹಿಂಬದಿಯ ಬಂಪರಿನ ಮೇಲೆ ನಿಂತು ಪ್ರಯಾಣಿಸಿ, ಗುಂಡಿ ಬಂದಾಗಲೆಲ್ಲ ಒಮ್ಮೆ ಹಾರಿ ಇಳಿಯುವ ಕೃಪೆ ಮಾಡಬೇಕು.

ದರ್ಶನವಂಚಿತನಾದ,
ತಮ್ಮ ವಿಶ್ವಾಸಿ,
ಬಸ್ತಿಹಳ್ಳಿ ಪದ್ಮರಾಜಯ್ಯ

ಮರೆತ ಮಾತು: ಇದನ್ನು ಅಂಚೆಗೆ ಹಾಕುವ ಮುನ್ನ ಭಾನುವಾರ ಬಂದುಹೋಯಿತು. ಚಪ್ಪಲಿ ಕಾಯುವ ಗಂಡನನ್ನು ನೋಡಿ ನೋಡಿ ನಾಚಿದ ಕಾಂಚನಮಾಲಾ, ದಾರಿಯುದ್ದಕ್ಕೂ ಕಿಟಕಿಯಾಚೆ ಕಣ್ಣಿಟ್ಟು, ಗುಂಡಿ ಕಂಡಾಗಲೆಲ್ಲ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಒಂದು ಮಣಿಯೂ ತಪ್ಪಲಿಲ್ಲ, ದರ್ಶನವಾಯಿತು. ಆದರೆ ಹಿಂದಿರುಗುವಾಗ ಗುಂಡಿಯೇ ಇಲ್ಲದ ಕಡೆಯೂ ಹನ್ನೊಂದು ತಿವಿತಗಳು ಬಿದ್ದವು. ಅವು ಯಾವ ಗುಂಡಿಯವೆಂದು ವಿಚಾರಿಸಲಾಗಿ, “ಹನ್ನೊಂದು ವರ್ಷ ನನ್ನನ್ನ ಮನೇಲಿ ಬಿಟ್ಟು ಒಬ್ರೇ ಪುಣ್ಯ ಮಾಡ್ಕೊಂಡ್ ಬಂದ್ರಲ್ಲ, ಅವು” ಎಂದಳು. ಆದ್ದರಿಂದ ಕಾರನ್ನು ಇದ್ದಂತೆಯೇ ಬಿಡಿರಿ. ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು ಇನ್ನೊಂದು ಉಳಿದಿದ್ದರೆ ನನ್ನ ಪಕ್ಕೆಯ ಅಳತೆಗೆ ಕತ್ತರಿಸಿ ಕಳುಹಿಸಿಕೊಡಿರಿ.