ವಾಪಸ್ ಟಿಕೆಟ್ಟಿಗೆ ಕುರಿಯ ಕಿವಿ

ಬೇರೆಯವರ ಕಾಗದ ಬರೆದುಕೊಡಲು ಕೂತವನು ನಗುವ ಸಂದರ್ಭಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ; ಅವೇ ಮೆಟ್ಟಿಲು ಹತ್ತಿ ಬರುತ್ತವೆ.

ಎಂಬತ್ತರ ದಶಕದ ಆರಂಭ. ಬಿ.ಎಸ್ಸಿ. ಮುಗಿಸಿದ್ದೆ. ಕೆಲಸಕ್ಕೆ ಅರ್ಜಿ ಹಾಕುತ್ತ, ಮಧುಗಿರಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಡುತ್ತಿದ್ದೆ. ಬೆಳಗಿನ ತರಗತಿಗೆ ಬಂದವರು ಕೊರಟಗೆರೆ ಬಸ್ಸು ಹಿಡಿದು ಹೋದ ಮೇಲೆ ಮೆಷಿನ್ನುಗಳು ಸುಮ್ಮನಾಗುತ್ತಿದ್ದವು. ಬೆಟ್ಟದ ಬಂಡೆ ಕಾದು ಕೋಣೆಗೆಲ್ಲ ಬಿಸಿ ಹೊಡೆಯುವ ಆ ಹೊತ್ತಿನಲ್ಲಿ ಕಾಗದದ ಗಿರಾಕಿಗಳು ಬರುತ್ತಿದ್ದರು. ಒಬ್ಬೊಬ್ಬರಿಗೆ ಒಂದು ಫೈಲು, ಒಂದೊಂದು ಕಾಗದಕ್ಕೆ ಒಂದು ಕಾರ್ಬನ್ ಪ್ರತಿ. ಅದು ನನ್ನ ಕ್ರಮ. ಆ ಫೈಲುಗಳಲ್ಲಿ ಒಂದು ಈಗಲೂ ನನ್ನ ಬಳಿ ಇದೆ.

೧. ಕರಾರು

ಐ.ಡಿ.ಹಳ್ಳಿ ಕಡೆಯ ಹಟ್ಟಿಯಿಂದ ಕುರಿ ಕಾಯುವವನೊಬ್ಬ ಹೆಂಡತಿಯ ಜೊತೆ ಬಂದ. ಕೊಲ್ಲಿ ದೇಶದ ಒಬ್ಬ ಮಾಲೀಕ ವೀಸಾ ಕಳಿಸಿದ್ದ. ಅಲ್ಲೂ ಕುರಿ ಕಾಯುವ ಕೆಲಸವೇ. ಆ ಮಾಲೀಕನ ಊರಿನಲ್ಲೇ ಇದ್ದ ಸಿರಾದ ಡ್ರೈವರ್ ಒಬ್ಬ ಇದನ್ನು ಕೊಡಿಸಿದ್ದ. ಕರಾರು ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದೆ.

“ಮಾಲೀಕ ಕೆಲಸದಿಂದ ಬಿಡಿಸಿದರೆ ವಾಪಸ್ ಟಿಕೆಟ್ಟು ಅವನೇ ಕೊಡಬೇಕು. ನೀವಾಗಿ ಬಿಟ್ಟರೆ ನಿಮ್ಮದೇ ಖರ್ಚು.”

ಹೆಂಡತಿ ಕೇಳಿದಳು: “ಅಂದ್ರೆ ಅವ್ರೇ ಬ್ಯಾಡ ಅಂದ್ರೆ, ಎಲ್ಲಿಂದ ಕರ್ಕಂಡೋದ್ರೋ ಅಲ್ಲಿಗೇ ತಂದು ಬುಡ್ಬೇಕು?”

“ಹೌದು.”

ಅವಳು ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. “ನಮ್ಮ ಮದ್ವೇಲೂ ಇಂಗೇ ಬರೆಸ್ಕಬೇಕಿತ್ತು ಸ್ವಾಮಿ.”

ಅವನಿಗೆ ಸಹಿ ಹಾಕಲು ಒಂದು ವಾರ ಕಲಿಸಿದೆ. ಹೊರಡುವ ದಿನ ಹೇಳಿದೆ: “ಕಲಿತಿದ್ದೀರಿ ಅಂತ ಸಿಕ್ಕಿದ್ದಕ್ಕೆಲ್ಲ ಹಾಕಬೇಡಿ.”

೨. ಕೆಂಪು ಗೆರೆ

ಎಂಟು ತಿಂಗಳಾದ ಮೇಲೆ ಡ್ರೈವರನ ಕೈಬರಹದಲ್ಲಿ ಕಾಗದ ಬಂತು. ಮಾಲೀಕ ಕುರಿಗಳನ್ನೆಲ್ಲ ಮಾರಿಬಿಟ್ಟಿದ್ದ. ಕುರಿ ಇಲ್ಲ, ಕೆಲಸವೂ ಇಲ್ಲ. ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ. ಅವನ ಗುಮಾಸ್ತ ದಿನಾ ಒಂದು ಕಾಗದ ಹಿಡಿದು ಬರುತ್ತಾನೆ: ‘ನಾನೇ ಇಷ್ಟಪಟ್ಟು ಕೆಲಸ ಬಿಡುತ್ತಿದ್ದೇನೆ.’ ಅದಕ್ಕೆ ಸಹಿ ಬಿದ್ದರೆ ಟಿಕೆಟ್ಟಿನ ಆಸೆ ಬಿಡಬೇಕು. ಹಾಕದೆ ಕೂತರೆ, ಆ ದೇಶದಲ್ಲಿ ಇರಲು ಕೊಟ್ಟ ಪರವಾನಗಿ ಇನ್ನು ಮೂರು ತಿಂಗಳು. ಅದು ಮುಗಿದರೆ ಜೈಲು.

ಮಾಲೀಕನಿಗೆ ಒಂದು, ಅಲ್ಲಿನ ನಮ್ಮ ರಾಯಭಾರ ಕಚೇರಿಗೆ ಒಂದು ಪತ್ರ ಹೊಡೆದೆ. ಮೂರನೆಯದು ಕುರಿ ಕಾಯುವವನಿಗೆ, ಡ್ರೈವರ್ ಓದಿ ಹೇಳಲೆಂದು ಕನ್ನಡ ಮೆಷಿನ್ನಿನಲ್ಲಿ. ಮೊದಲನೇ ಅಂಶ: ‘ಯಾವ ಕಾಗದಕ್ಕೂ ಸಹಿ ಹಾಕಬೇಡಿ.’ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.

“ಅದ್ಯಾಕೆ ಗೆರೆ?” ಎಂದಳು ಹೆಂಡತಿ.

“ಒತ್ತಿ ಹೇಳಿದ ಹಾಗೆ.”

“ಅಂಗಾದ್ರೆ ಇನ್ನೊಂದು ಎಳೀರಿ. ನಮ್ಮೋರಿಗೆ ಒಂದ್ಸಲ ಹೇಳುದ್ರೆ ಹತ್ತಲ್ಲ.”

೩. ಖರ್ಜೂರ

ಒಂದೂವರೆ ತಿಂಗಳ ಮೇಲೆ ಡ್ರೈವರನ ಇನ್ನೊಂದು ಕಾಗದ. ಅದು ಫೈಲಿನಲ್ಲಿದೆ; ಇದ್ದ ಹಾಗೇ ಕೊಡುತ್ತೇನೆ.

‘ಮೇಷ್ಟ್ರಿಗೆ ಸಲಾಂ. ಮಾಲೀಕ ಒಪ್ಪಿದ. ಟಿಕೆಟ್ ಬಂದೈತೆ, ನಾನೇ ನೋಡಿದೀನಿ. ಟಿಕೆಟ್ಟು ಪಾಸ್‌ಪೋರ್ಟು ಮುಟ್ಟಿತು ಅಂತ ಒಂದು ದಸ್ಕತ್ ಹಾಕಬೇಕು, ಅಷ್ಟೇ. ಇವ್ರು ಹಾಕಲ್ಲ. ಯಾವ ಕಾಗದಕ್ಕೂ ಬ್ಯಾಡ ಅಂತ ಮೇಷ್ಟ್ರು ಎರಡು ಗೆರೆ ಎಳೆದವ್ರೆ ಅಂತಾರೆ. ಇದು ಬೇರೆ ಕಾಗದ ಅಂದ್ರೆ, ನೀನೂ ಅವರ ಕಡೆ ಸೇರ್ಕಂಡ್ಯಾ ಅಂತಾರೆ. ನೆನ್ನೆ ಮಾಲೀಕನೇ ಖರ್ಜೂರ ತಂದು ಕೇಳಿಕೊಂಡ. ಖರ್ಜೂರ ತಿಂದ್ರು.’

ತಪ್ಪು ನನ್ನದು. ನಿಯಮ ಬರೆದು, ಅದು ಎಲ್ಲಿಗೆ ಮುಗಿಯುತ್ತದೆ ಎಂದು ಬರೆದಿರಲಿಲ್ಲ. ಮಾಲೀಕ ತನ್ನ ಕರ್ತವ್ಯ ಮಾಡಲು ಸಿದ್ಧನಾಗಿ ನಿಂತಿದ್ದ. ಅವನನ್ನು ತಡೆದು ನಿಲ್ಲಿಸಿದ್ದವನು ಮಧುಗಿರಿಯಲ್ಲಿ ಕೂತ ನಾನು.

೪. ಚಿತ್ರ

‘ಟಿಕೆಟ್ಟಿನ ರಶೀದಿಗೆ ಸಹಿ ಹಾಕಿ’ ಎಂದು ಹೊಸ ಕಾಗದ ಹೊಡೆದು ಹೆಂಡತಿಗೆ ಓದಿ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

“ನಂಬಲ್ಲ ಸ್ವಾಮಿ. ಮೊದ್ಲು ಬ್ಯಾಡ ಅಂದೋರು ಈಗ ಹಾಕು ಅಂದ್ರೆ? ಮೆಷಿನ್ನು ಆ ಗುಮಾಸ್ತನ ತಾವೂ ಇರ್ತೈತೆ.”

“ಮತ್ತೆ ಏನು ಮಾಡೋಣ?”

“ಕಿವಿ ಬರೀರಿ.”

ಹಟ್ಟಿಗಳಲ್ಲಿ ಒಂದೊಂದು ಮನೆಯ ಕುರಿಗೂ ಕಿವಿಯಲ್ಲಿ ಒಂದೊಂದು ಗುರುತು. ಹಿಂಡುಗಳು ಬೆರೆತರೆ ಕಿವಿ ನೋಡಿ ಬೇರ್ಪಡಿಸುತ್ತಾರೆ. ಇವರದು ಎಡಗಿವಿ: ತುದಿಯಲ್ಲಿ ಸೀಳು, ಕೆಳಗೆ ಒಂದು ಕಚ್ಚು. ಅದು ಆ ದೇಶದಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ನನಗೆ ಒಪ್ಪಿಗೆಯಾಯಿತು.

ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವನು. ಪೆನ್ಸಿಲ್ ಚೂಪು ಮಾಡಿಕೊಂಡು ಬರೆದೆ. ಪಕ್ಕದಲ್ಲಿ ಬಾಣದ ಗುರುತು, ‘ಸೀಳು’, ‘ಕಚ್ಚು’. ಕೆಳಗೆ ‘ಚಿತ್ರ ೧: ಎಡಗಿವಿ’. ಪರೀಕ್ಷೆಯಲ್ಲೂ ಅಷ್ಟು ಅಚ್ಚುಕಟ್ಟಾಗಿ ಬರೆದಿರಲಿಲ್ಲ. ಅವಳು ಕಾಗದವನ್ನು ದೂರ ಹಿಡಿದು ನೋಡಿದಳು.

“ಇದು ಮೇಕೆ ಕಿವಿ.”

ಪೆನ್ಸಿಲ್ ಕಿತ್ತುಕೊಂಡು ಎರಡೇ ಗೆರೆಯಲ್ಲಿ ತಾನೇ ಒಂದು ಕಿವಿ ಬರೆದಳು. ಅಂಚೆಗೆ ಹೋದದ್ದು ಅದೇ.

೫. ಕೊನೆಯ ಸಹಿ

ಪರವಾನಗಿ ಮುಗಿಯಲು ಆರು ದಿನ ಇರುವಾಗ ಅವನು ವಿಮಾನ ಹತ್ತಿದ. ಬೊಂಬಾಯಿಗೆ ಇಳಿದು, ರೈಲು ಬಸ್ಸು ಹಿಡಿದು, ಒಂದು ಮಧ್ಯಾಹ್ನ ಹೆಂಡತಿಯ ಜೊತೆ ನಮ್ಮ ಮೆಟ್ಟಿಲು ಹತ್ತಿದ. ಕೈಯಲ್ಲಿ ಖರ್ಜೂರದ ಪೊಟ್ಟಣ, ಜೇಬಿನಲ್ಲಿ ಟಿಕೆಟ್ಟಿನ ರಶೀದಿಯ ನಕಲು.

“ಕಿವಿ ನೋಡುದ್ ತಕ್ಷಣ ಸಹಿ ಹಾಕ್ಬುಟ್ಟೆ ಮೇಷ್ಟ್ರೇ. ಪಕ್ದಾಗೆ ನಾನೂ ಒಂದು ಕಿವಿ ಬರ್ದೆ. ಗುಮಾಸ್ತ ಕಕ್ಕಾಬಿಕ್ಕಿ. ಮಾಲೀಕ ಮಾತ್ರ ನಗಾಡ್ಬುಟ್ಟ. ಕಾಗ್ದ ಈಸ್ಕಂಡು, ಅವ್ರ ಒಂಟೆಗೆ ಹಾಕೋ ಬರೆ ಗುರ್ತು ಕೆಳಗೆ ಬರ್ದ. ಆಮ್ಯಾಕೆ ಪಾಸ್‌ಪೋರ್ಟು ಕೈಗಿಟ್ಟು ಬೆನ್ನು ತಟ್ದ.”

ನೋಡಿದೆ. ಮೇಲೆ ಒಂದು ಪುಟ ಅರಬ್ಬಿ, ಇಂಗ್ಲಿಷು. ಕೆಳಗೆ ಒಂದು ಕಿವಿ, ಒಂದು ಬರೆ. ಮಾಲೀಕನಿಗೂ ಇವನಿಗೂ ಒಂದೇ ಹಾಗೆ ಅರ್ಥವಾಗಿದ್ದು ಅಷ್ಟೇ ಇರಬೇಕು.

ಎಲ್ಲ ಮುಗಿಯಿತಲ್ಲ, ಫೈಲನ್ನೂ ಕ್ರಮವಾಗಿ ಮುಗಿಸೋಣವೆಂದು ನನ್ನ ಬಳಿ ಇದ್ದ ಕರಾರನ್ನು ಅವನ ಕೈಗೆ ಕೊಟ್ಟು, ‘ಕರಾರಿನ ಮೂಲ ಪ್ರತಿ ವಾಪಸ್ ಪಡೆದಿದ್ದೇನೆ’ ಎಂದು ಒಂದು ಸಾಲು ಬರೆದು ಅವನ ಮುಂದಿಟ್ಟೆ.

“ಇಲ್ಲೊಂದು ಸಹಿ.”

ಅವನು ಪೆನ್ನು ತೆಗೆದುಕೊಂಡ. ಕಾಗದವನ್ನು ತಿರುಗಿಸಿ ಹಿಂದೆ ನೋಡಿದ, ಮತ್ತೆ ಮುಂದೆ ನೋಡಿದ. ಪೆನ್ನು ಕೆಳಗಿಟ್ಟ.

“ಕಿವಿ ಎಲ್ಲೈತೆ ಮೇಷ್ಟ್ರೇ?”

ಬೇರೆ ದಾರಿ ಕಾಣದೆ, ಅವನ ಎದುರಿಗೇ ಒಂದು ಬರೆದೆ. ಸೀಳು ಹಾಕಿದೆ, ಕಚ್ಚು ಹಾಕಿದೆ. ಹೆಂಡತಿ ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

“ಹಾಕ್ಬ್ಯಾಡಿ. ಇದೂ ಮೇಕೇದೇ.”

ಫೈಲಿನ ಆ ಜಾಗ ಇವತ್ತಿಗೂ ಖಾಲಿ.