ಹುಲಿಯಪ್ಪನಿಗೊಂದು ಹುಲ್ಲಿನ ಮೈ

‘ನನಗೆ ಬರುವುದಿಲ್ಲ’ ಎಂದು ಹೇಳುವುದು ನನಗೆ ಈ ಜನ್ಮದಲ್ಲಿ ಸಾಧ್ಯವಾಗಲಿಲ್ಲ. ಯಾರಾದರೂ ‘ಇದು ನಿಮಗೆ ಬರ್ತದಾ?’ ಎಂದು ಕೇಳಿದರೆ ಸಾಕು, ವಿಚಾರ ಮಾಡುವ ಮೊದಲೇ ‘ಅದಕ್ಕೇನು, ಬರ್ತದೆ’ ಎಂಬ ಮಾತು ಬಾಯಿಂದ ಹೊರಬಿದ್ದಿರುತ್ತದೆ. ಮದುವೆಯಾದ ಹೊಸದರಲ್ಲಿ ಹೀಗೆಯೇ ಮತ್ತಿಘಟ್ಟದಲ್ಲಿ ಮಾವನ ಮನೆಯ ಗೋಡೆ ಗಡಿಯಾರವನ್ನು ರಿಪೇರಿ ಮಾಡಲು ಬಿಚ್ಚಿದ್ದೆ. ಅದರ ಮುಳ್ಳುಗಳು ಇಂದಿಗೂ ಅತ್ತೆಯ ಗುಂಡಿ-ಸೂಜಿಗಳ ಡಬ್ಬಿಯಲ್ಲಿವೆ. ಮಾವ ದೊಡ್ಡ ಮನಸ್ಸಿನವರು, ಒಂದು ಮಾತೂ ಆಡಲಿಲ್ಲ. ನನ್ನನ್ನು ಕಂಡಾಗಲೆಲ್ಲ ಮೆಲ್ಲಗೆ “ಗಂಟೆ ಎಷ್ಟಾತು?” ಎಂದು ಕೇಳುತ್ತಿದ್ದರು, ಅಷ್ಟೇ.

ತೊಂಬತ್ತರ ದಶಕದ ಕೊನೆಯ ಒಂದು ದೀಪಾವಳಿ. ನಾನಾಗ ಸಿದ್ದಾಪುರದಲ್ಲಿ ಗುಮಾಸ್ತ. ಪೇಟೆಯ ಅಂಚಿನಲ್ಲಿ ಮನೆ, ಹಿತ್ತಲಲ್ಲಿ ಗೌರಿ ಎಂಬ ಒಂದೇ ಒಂದು ಹಸು. ಊರಿನ ಉದ್ಯಾನದ ಉಸ್ತುವಾರಿ ನೋಡುತ್ತಿದ್ದವರು ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ನಾಯ್ಕರು. ಈ ಸಲ ಹಬ್ಬಕ್ಕೆ ಬರೀ ಬಣ್ಣದ ಬಲ್ಬು ಸಾಲದು, ಊರವರೇ ಕೈಯಾರೆ ಮಾಡಿದ ಪ್ರಾಣಿಗಳೂ ಉದ್ಯಾನದಲ್ಲಿ ನಿಲ್ಲಬೇಕು ಎಂಬ ಉಮೇದು ಅವರಿಗೆ ಬಂತು. “ಹೆಗಡೇರೇ, ಬಡಿಗೇರ ಮಂಜಣ್ಣ ಅಡಿಕೆ ಹಾಳೇಲಿ ಆನೆ ಮಾಡ್ತಾನಂತೆ. ನಿಮಗೆ ಹುಲಿ ಮಾಡೂಕೆ ಬರ್ತದ್ರಾ?” ಎಂದು ಕೇಳಿದರು. ನಾನೇನು ಉತ್ತರ ಕೊಟ್ಟೆ ಎಂದು ಬೇರೆ ಹೇಳಬೇಕಿಲ್ಲ.

ಹುಲಿ ಎಂದಾಗ ನನಗೆ ನಿಜಕ್ಕೂ ಹುರುಪು ಬಂದಿತ್ತು. ನಮ್ಮ ಕಡೆ ಹಬ್ಬದ ದಿನ ಗೋಪೂಜೆಗೂ ಮೊದಲು ಹುಲಿಯಪ್ಪನಿಗೆ ಒಂದು ತೆಂಗಿನಕಾಯಿ ಒಡೆಯುತ್ತೇವೆ, ವರ್ಷವಿಡೀ ನಮ್ಮ ದನದ ತಂಟೆಗೆ ಬರಬೇಡಪ್ಪ ಎಂದು. ಪಾಪ, ಅಷ್ಟು ದೊಡ್ಡ ದೇವರು ಒಂದು ಕಲ್ಲಾಗಿ ಕೂತಿರುತ್ತಾನೆ. ಅವನಿಗೊಂದು ಮೈ ಕೊಡುವ ಯೋಗ ನನ್ನದಾಯಿತಲ್ಲ ಎಂದುಕೊಂಡೆ. ಅದಕ್ಕಿಂತ ದೊಡ್ಡ ಕಾರಣವೂ ಒಂದಿತ್ತು. ಹಬ್ಬದ ಸಂಜೆಯ ದೀಪ ನೋಡಲು ಮಾವ ಬರುವವರಿದ್ದರು. ಅವರು ಹುಲಿಯನ್ನು ನೋಡಿ ಗಡಿಯಾರವನ್ನು ಮರೆಯಬೇಕು. ಇದೊಂದೇ ನನ್ನ ಆಸೆ.

ಬಿದಿರಿನ ಹಂದರ ಕಟ್ಟಿ ಅದಕ್ಕೆ ಬತ್ತದ ಹುಲ್ಲು ಬಿಗಿದೆ. ಹುಲ್ಲಿಗೂ ಹುಲಿಗೂ ಬಣ್ಣ ಒಂದೇ, ಇದ್ದಿಲಿನಲ್ಲಿ ಪಟ್ಟೆ ಎಳೆದರೆ ಮುಗಿಯಿತು. ಹುಲ್ಲು ಎಲ್ಲಿಯದು ಅಂದಿರಾ? ನಮ್ಮ ಕೊಟ್ಟಿಗೆಯ ಅಟ್ಟದ್ದೇ. ಹೆಂಡತಿ ಸಾವಿತ್ರಿ ಬಾಗಿಲಿಗೆ ಅಡ್ಡ ನಿಂತಳು. “ಹೊಸ ಹುಲ್ಲು ಬಪ್ಪತನಕ ಗೌರಿಗೆ ಎಂತ ಹಾಕ್ಲಿ? ನಿಮ್ಮ ಹುಲಿ ಹಾಲು ಕೊಡ್ತ?” ಕಲಾವಿದರಿಗೆ ಮನೆಯಲ್ಲಿ ಬೆಲೆಯಿಲ್ಲ ಎಂದು ಗೊಣಗಿಕೊಂಡು ಹೊರೆ ಹೊತ್ತು ನಡೆದೆ.

ಹಬ್ಬದ ಹಿಂದಿನ ದಿನ ಪ್ರಾಣಿಗಳೆಲ್ಲ ಉದ್ಯಾನದಲ್ಲಿ ನಿಂತವು. ಮಂಜಣ್ಣನ ಆನೆಯ ಸುತ್ತ ಮಕ್ಕಳು ಮುತ್ತಿದ್ದರು. ನನ್ನ ಹುಲಿಯ ಹತ್ತಿರ ಒಬ್ಬ ಅಜ್ಜಿ ಮಾತ್ರ ಬಂದು, “ಎಮ್ಮೆ ಚೊಲೋ ಆಜು” ಎಂದು ಹೊಗಳಿ ಹೋದಳು. ನಾಯ್ಕರು ಎರಡು ಸುತ್ತು ಹಾಕಿ ನೋಡಿದರು. “ಹೆಗಡೇರೇ, ಮೂವತ್ತು ವರ್ಷ ಕಾಡು ಸುತ್ತೀನಿ. ಈ ಪ್ರಾಣಿ ಒಂದು ಕಣ್ಣಿಗೆ ಬಿದ್ದಿರಲಿಲ್ಲ ನೋಡ್ರಾ,” ಎಂದರು. ನನಗೆ ಅಳು ಬರುವುದೊಂದು ಬಾಕಿ.

ಮರುದಿನ ಬೆಳಿಗ್ಗೆ ಹುಲಿಯಪ್ಪನಿಗೆ ಕಾಯಿ ಒಡೆದು, ಗೌರಿಗೆ ಹೂವು ಅಡಿಕೆಗಳ ಮಾಲೆ ಹಾಕಿ, ಆರತಿ ಎತ್ತಿ, ಪದ್ಧತಿಯಂತೆ ಹಗ್ಗ ಬಿಚ್ಚಿ ಬಿಟ್ಟೆವು. ಹೋಳಿಗೆ ಉಂಡು ಅಡ್ಡಾಗಿದ್ದೆ. ಮಾವನೂ ಆಗಷ್ಟೇ ಬಸ್ಸಿಳಿದು ಬಂದು ಕೂತಿದ್ದರು. ಅಷ್ಟರಲ್ಲಿ ನಾಯ್ಕರ ಸೈಕಲ್ಲು ಅಂಗಳಕ್ಕೆ ನುಗ್ಗಿತು. “ಬೇಗ ಬರ್ರಾ ಹೆಗಡೇರೇ! ದನ ಹುಲಿ ಹಿಡದದೆ!”

ಎದ್ದುಬಿದ್ದು ಓಡಿದೆವು. ಉದ್ಯಾನದ ತುಂಬ ಜನ. ನಡುವೆ ಮಾಲೆ ಹಾಕಿಕೊಂಡ ಗೌರಿ, ಹಣೆಯ ಕುಂಕುಮವೂ ಮಾಸದೆ, ಹುಲಿಯ ಹೊಟ್ಟೆಯೊಳಗೆ ಮುಖವಿಟ್ಟು ಶಾಂತವಾಗಿ ಮೇಯುತ್ತಿದ್ದಳು. ತನ್ನ ಅಟ್ಟದ ಹುಲ್ಲಿನ ವಾಸನೆ ಅವಳಿಗೆ ತಿಳಿಯದೇ? ಮಕ್ಕಳು “ಹುಲಿ! ಹುಲಿ!” ಎಂದು ಕುಣಿಯುತ್ತಿದ್ದವು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಂತೋಷವೇ ಆಯಿತು. ಅರ್ಧ ಹೊಟ್ಟೆ ಹೋದ ಮೇಲಾದರೂ ಜನ ಅದನ್ನು ಹುಲಿ ಎಂದು ಒಪ್ಪಿಕೊಂಡರಲ್ಲ! ಸಾವಿತ್ರಿ ಗೌರಿಯ ಬೆನ್ನು ಸವರುತ್ತ “ತಿನ್ನು, ನಿಂದೇ ಅಲ್ದ,” ಎಂದಳು.

ಮಾವ ಗೌರಿಯನ್ನೂ ಹುಲಿಯನ್ನೂ ನೋಡಿ ನನ್ನ ಕಡೆ ತಿರುಗಿದರು. ಗಂಟೆ ಕೇಳುತ್ತಾರೆಂದು ನಾನು ವಾಚಿನ ಕೈಯನ್ನು ಹಿಂದೆ ಕಟ್ಟಿಕೊಂಡೆ. ಅವರು ಕೇಳಲಿಲ್ಲ. ಹೆಗಲ ಮೇಲೆ ಕೈಯಿಟ್ಟು, “ಅಳಿಯಾ, ಹುಲಿಯಪ್ಪಂಗೆ ಒಡದ ಕಾಯಿ ಸಾಕಾಯ್ದಿಲ್ಲೆ. ಹುಲಿಯ ತಿನ್ನಬೇಡ ಹೇಳಿ ಗೌರಿಗೂ ಒಂದು ಒಡೆಯಕಾಗಿತ್ತು,” ಎಂದರು. ಗಡಿಯಾರದ ಮಾತು ಅಂದಿಗೆ ಮುಗಿಯಿತು. ಈಗ ನನ್ನನ್ನು ಕಂಡಾಗಲೆಲ್ಲ “ಹುಲಿ ಆರಾಮಿದ್ದ?” ಎಂದು ಕೇಳುತ್ತಾರೆ.

ಮರುವರ್ಷ ಹಬ್ಬದ ದಿನ ಹುಲಿಯಪ್ಪನಿಗೆ ಕಾಯಿ ಒಡೆದವನು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೌರಿಯ ಎದುರಿಗೂ ಇನ್ನೊಂದು ಒಡೆದು ಕೈಮುಗಿದೆ. ಏಕೆಂದರೆ ಅದಕ್ಕೆ ಹದಿನೈದು ದಿನ ಮೊದಲು ನಾಯ್ಕರು ದಾರಿಯಲ್ಲಿ ಸಿಕ್ಕಿ, “ಹೆಗಡೇರೇ, ಕಾಡುಕೋಣ ಮಾಡೂಕೆ ಬರ್ತದ್ರಾ?” ಎಂದು ಕೇಳಿದ್ದರು.